ಹನ್ನೊಂದು ಪೇಪರು, ಒಂದೇ ಕ್ರಿಯಾಪದ

ನಮ್ಮ ಇಂಗ್ಲಿಷ್ ಮಾಸ್ತರು ತೀರಿಕೊಂಡ ಸುದ್ದಿಯನ್ನು ಕಾಖಂಡಕಿಯಿಂದ ಅವರ ತಮ್ಮನ ಮಗ ಫೋನಿನಲ್ಲಿ ಹೇಳಿದಾಗ ನಾನು ಮೊದಲು ಕೇಳಿದ್ದು, "ಕಡೀತನಕ ಮಾತಾಡ್ತಿದ್ರೇನು?" ಎಂದು. "ಮಾತಾಡ್ತಿದ್ರಿ. ಹಿಂದಿನ ದಿನ ಡಾಕ್ಟರ ಕೂಡ ಜಗಳಾನೂ ಮಾಡಿದ್ರು," ಎಂದ. ಅಷ್ಟು ಕೇಳಿ ನನಗೆ ಸಮಾಧಾನವಾಯಿತು. ಆ ಮನುಷ್ಯ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ. ಅದೂ ನನ್ನ ಸಲುವಾಗಿ.

ಅವರ ಹೆಸರು ಬರೆಯುವುದಿಲ್ಲ. ಮುಂದೆ ಅವರ ಶಿಷ್ಯರು ಸೇರಿ ಸತ್ಕಾರ ಮಾಡುತ್ತೇವೆಂದು ಹೋದಾಗ, "ಹಾರ ತಂದ್ರ ಆಡಿಗೆ ಹಾಕ್ತೇನಿ" ಎಂದು ಓಡಿಸಿದವರು ಅವರು. ಅವರ ಜೀವನಚರಿತ್ರೆ ನನಗೆ ಗೊತ್ತೂ ಇಲ್ಲ. ತಿಕೋಟದ ಹೈಸ್ಕೂಲಿನಲ್ಲಿ ಮೂರು ವರ್ಷ, ಆಮೇಲೆ ಬಬಲೇಶ್ವರದಲ್ಲಿ ಒಂದು ತಾಸು, ಇಷ್ಟೇ ನಾನು ಅವರನ್ನು ಬಲ್ಲೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಕುಳ್ಳ ಆಳು. ಧೋತರ, ಕರಿ ಕೋಟು. ಕೋಟಿನ ಎಡಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು, ಬಲಜೇಬಿನಲ್ಲಿ ಹುರಿದ ಶೇಂಗಾ. ಪಾಠದ ಭರದಲ್ಲಿ ಜೇಬು ತಪ್ಪಿ ಸೀಮೆಸುಣ್ಣವನ್ನೇ ಬಾಯಿಗೆ ಹಾಕಿಕೊಂಡದ್ದನ್ನು ನಾನು ಎರಡು ಸಲ ಕಣ್ಣಾರೆ ಕಂಡಿದ್ದೇನೆ. ಉಗುಳಲಿಲ್ಲ. ಉಗುಳಲು ಹೋದರೆ ವಾಕ್ಯ ನಡುವೆ ನಿಲ್ಲುತ್ತದಲ್ಲ! ಅಗಿದು ನುಂಗಿ ವಾಕ್ಯ ಮುಗಿಸಿದರು.

ನಮ್ಮ ಸಾಲೆಯ ಉಳಿದ ಮಾಸ್ತರರಿಗೆಲ್ಲ ಹುಡುಗರೆಂದರೆ "ಲೇ". ಇವರು ಬಂದ ಮೊದಲ ದಿನ ಹಿಂದಿನ ಸಾಲಿನ ಹುಡುಗನೊಬ್ಬನಿಗೆ, "ಏಳ್ರಿ, ಏನು ತಿಳೀಲಿಲ್ಲ ಹೇಳ್ರಿ," ಎಂದರು. ತನ್ನ ಹಿಂದೆ ಅಪ್ಪ ಬಂದು ನಿಂತಿದ್ದಾನೆಂದು ತಿಳಿದು ಅವನು ತಿರುಗಿ ನೋಡಿದ. ನನಗಂತೂ "ಬರ್ರಿ ತಂಗಿ, ಕೂಡ್ರಿ ತಂಗಿ". ಹನ್ನೊಂದು ಮಂದಿಯ ಮೆಟ್ರಿಕ್ ವರ್ಗದಲ್ಲಿ ನಾನೊಬ್ಬಳೇ ಹುಡುಗಿ. ಅಪ್ಪ ಮಂದಿಯ ಹೊಲದಲ್ಲಿ ಕೂಲಿ ಮಾಡುವವನು. ಊರಲ್ಲಿ ನಮ್ಮ ಕೇರಿಯವರಿಗೆ ಯಾರೂ ಬಹುವಚನ ಖರ್ಚು ಮಾಡುತ್ತಿರಲಿಲ್ಲ. ಆ "ರಿ" ಕೇಳಲೆಂದೇ ನಾನು ಜ್ವರದಲ್ಲೂ ಸಾಲೆಗೆ ಹೋಗಿದ್ದೇನೆ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಬೋರ್ಡಿನ ಮೇಲೆ ನಮ್ಮದೊಂದು ವಾಕ್ಯ ಬರೆದರೆ, ಅದನ್ನು ಅಳಿಸುವ ಮುಂಚೆ ಆ ವಾಕ್ಯದ ಒಡೆಯನನ್ನು ಕೇಳುತ್ತಿದ್ದರು: "ಅಳಸ್ಲ್ಯಾ?" ಅವನು "ಹೂಂ" ಎಂದ ಮೇಲೆಯೇ ಬಟ್ಟೆ ಎತ್ತುತ್ತಿದ್ದರು. ಒಬ್ಬ ತುಂಟ "ಬ್ಯಾಡ್ರಿ" ಎಂದುಬಿಟ್ಟಿದ್ದಕ್ಕೆ ಅವನ ವಾಕ್ಯ ಒಂದು ವಾರ ಹಾಗೇ ಬೋರ್ಡಿನ ಮೂಲೆಯಲ್ಲಿ ಉಳಿಯಿತು. ಗಣಿತದ ಮಾಸ್ತರರು ಅದರ ಸುತ್ತ ಲೆಕ್ಕ ಬಿಡಿಸಬೇಕಾಯಿತು.

ಸಿಟ್ಟು ಬಂದರೆ ಹೊಡೆಯುತ್ತಿರಲಿಲ್ಲ. ಹೊರಗೆ ಹೋಗಿ ಅಂಗಳದ ಬೇವಿನ ಮರಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಅವರಿಗೆ ಮೈ ಉರಿಯುತ್ತಿದ್ದದ್ದು ಒಂದಕ್ಕೇ, ಬಾಯಿಪಾಠಕ್ಕೆ. ಯಾರೋ ವಿಜಾಪುರದಿಂದ ತಂದಿದ್ದ ಗೈಡಿನಿಂದ ಪ್ರಬಂಧವನ್ನು ಗಡಗಡ ಒಪ್ಪಿಸಿದ ದಿನ ಮೂರು ಸುತ್ತು ಹಾಕಿ ಬಂದು ಹೇಳಿದರು: "ಗಿಣಿಗೆ ಮೆಣಸಿನಕಾಯಿ ಹಾಕ್ತಾರ, ಮಾರ್ಕ್ಸ್ ಹಾಕೂದಿಲ್ಲ. ನನ್ನ ಮುಂದ ನಿಮ್ಮ ಮನೀ ಮಾತು ಇಂಗ್ಲಿಷಿನ್ಯಾಗ ಹೇಳ್ರಿ. ತಪ್ಪಿದ್ರ ತಪ್ಪಲಿ. ಪುಸ್ತಕದ್ದು ಬ್ಯಾಡ."

ಹೀಗೆ ಶುರುವಾಯಿತು ನಮ್ಮ "ಗ್ರೋ" ಕಥೆ.

ಪುಸ್ತಕದ ಹಿಂದೆ ಕ್ರಿಯಾಪದಗಳ ಉದ್ದದ ಪಟ್ಟಿಯಿತ್ತು. ಮಾಸ್ತರು ಅದರ ಮೇಲೆ ಬೆರಳಾಡಿಸಿ ಒಂದರ ಮೇಲೆ ನಿಲ್ಲಿಸಿದರು. "ಹೋಗೂದು, ಬರೂದು, ತಿನ್ನೂದು ಎಲ್ಲಾರ ಮನ್ಯಾಗೂ ಐತಿ. ಬೆಳೆಯೂದು ನಮ್ದು. ಇದೊಂದನ್ನ ಹಿಡಕೊಳ್ರಿ. ಕೈಯಾಗ ಬರೂತನಕ ಬಿಡೂದು ಬ್ಯಾಡ." ನಿಜಕ್ಕೂ ಬಿಡಲಿಲ್ಲ. ಮುಂಗಾರಿ ಬಿತ್ತನೆಗೆ ಹಿಡಿದದ್ದು ಹಿಂಗಾರಿ ಜೋಳ ಮೊಳಕಾಲುದ್ದ ಬರುವ ತನಕ ನಡೆಯಿತು.

ಜೋಳ ಬೆಳೆಯುತ್ತದೆ, ನಾವು ಜೋಳ ಬೆಳೆಯುತ್ತೇವೆ: ಎರಡಕ್ಕೂ ಅದೇ ಶಬ್ದ. ಇಷ್ಟು ನಮಗೆ ಸಲೀಸು, ಕನ್ನಡದಲ್ಲೂ ಹಾಗೇ ಇದೆ. ಗಡ್ಡ, ಉಗುರು, ಎತ್ತಿನ ಕೋಡು, ವಿಜಾಪುರದ ಪೇಟೆ, ತಂಗಿಯ ಜಡೆ, ಇವೂ ಬೆಳೆದವು. ಅಲ್ಲಿಂದ ಮುಂದೆ ಅವರು ನಮ್ಮನ್ನು ನಿಧಾನಕ್ಕೆ ಆಳದ ನೀರಿಗೆ ಇಳಿಸಿದರು.

"ನಮ್ಮಲ್ಲಿ ಕತ್ತಲಿ ಆಗ್ತೈತಿ. ಮುಪ್ಪು ಬರ್ತೈತಿ. ಸಿಟ್ಟು ಏರ್ತೈತಿ. ಇಂಗ್ಲಿಷ್ ಮಂದಿ ನೋಡ್ರಿ, ಎಲ್ಲಾನೂ ಬೆಳಸ್ತಾರ. ಇಟ್ ಗ್ರ್ಯೂ ಡಾರ್ಕ್. ಹಿ ಗ್ರ್ಯೂ ಓಲ್ಡ್. ಯಾಕ? ಇವು ಒಮ್ಮಿಗೇ ಆಗೂದಿಲ್ರಿ. ಸಾವಕಾಶ ಆಗ್ತಾವ, ನಮಗ ಗೊತ್ತಾಗದಂಗ ಆಗ್ತಾವ. ಹಂಗ ಆಗೂದಕ್ಕೆಲ್ಲಾ ಈ ಒಂದ ಶಬ್ದ ಸಾಕು."

ದಿನಕ್ಕೊಂದು ವಾಕ್ಯ ತರಬೇಕು, ಅದು ಅವರವರ ಮನೆಯದೇ ಆಗಿರಬೇಕು. ಕುಂಬಾರರ ಹುಡುಗ ತಂದ ವಾಕ್ಯ ನನಗಿನ್ನೂ ನೆನಪಿದೆ. ತಾನು ಬೆಳೆದು ಅಂಗಿ ಬಿಟ್ಟೆ, ತಮ್ಮ ಬೆಳೆದು ಅದೇ ಅಂಗಿಯೊಳಗೆ ಬಂದ ಎಂದು. ಔಟ್ ಆಫ್, ಇಂಟು, ಎರಡನ್ನೂ ಹಚ್ಚಿ ಸರಿಯಾಗಿ ಹೇಳಿದ. ಮಾಸ್ತರು ಬೋರ್ಡಿಗೆ ಬೆನ್ನು ಹಚ್ಚಿ ನಿಂತು ಚಪ್ಪಾಳೆ ತಟ್ಟಿದರು. "ಅಂಗಿ ಒಂದ, ಶಬ್ದ ಒಂದ, ಅಣ್ತಮ್ಮರಿಬ್ಬರೂ ಸುಧಾರಿಸಿದ್ರು!"

ಊರಿಗೂ ಇದರ ರುಚಿ ಹತ್ತಿತು. ಮಾಸ್ತರು ಓಣಿಯಲ್ಲಿ ಹೊರಟರೆ ಹಜಾಮರ ಅಜ್ಜ ಕತ್ತಿ ಎತ್ತಿ ಹಿಡಿದು, "ಮಾಸ್ತರ, ನಿಮ್ಮ ಗಡ್ಡ ಗ್ರೋ ಆಗ್ಯಾವ, ಬರ್ರಿ," ಎಂದು ಕರೆಯುತ್ತಿದ್ದ. ಹೆಡ್ ಮಾಸ್ತರರು ಮಾತ್ರ ತಲೆ ಹಿಡಿದುಕೊಂಡಿದ್ದರು. "ಪೋರ್ಶನ್ ಯಾವಾಗ ಮುಗಸ್ತೀರಿ?" ಎಂದರೆ, "ನಾ ಮುಗಿಯೂದ್ರಾಗ ಮುಗೀತೈತ್ರಿ," ಎಂಬ ಉತ್ತರ. ಇಷ್ಟು ಹಟ ಒಳ್ಳೆಯದಲ್ಲ. ಅವರ ಮೇಲೆ ಎಷ್ಟು ಗೌರವವಿದ್ದರೂ ಇದನ್ನು ಹೇಳಲೇಬೇಕು. ಪೋರ್ಶನ್ ಮುಗಿಯಲೇ ಇಲ್ಲ.

ಒಂದು ದಿನ ನಾನು ಎದ್ದು ನಿಂತು ಕೇಳಿದೆ: "ಸಣ್ಣದಾಗೂದಕ್ಕೂ ಗ್ರೋ ಅಂತ ಅನ್ಬಹುದೇನ್ರಿ?" ಹುಡುಗರೆಲ್ಲ ನಕ್ಕರು. ಮಾಸ್ತರು ನಗಲಿಲ್ಲ. ಹೊರಗೆ ಹೋಗಿ ಬೇವಿನ ಮರಕ್ಕೆ ನಾಲ್ಕು ಸುತ್ತು ಹಾಕಿದರು. ಸಿಟ್ಟಿಲ್ಲದೆ ಅವರು ಮರ ಸುತ್ತಿದ್ದು ಅದೇ ಮೊದಲು. ಬಂದು ಕೇಳಿದರು, "ಎಲ್ಲಿ ನೋಡಿದ್ರಿ ತಂಗಿ?"

"ಬಸ್ಸಿನ್ಯಾಗ್ರಿ. ಹಿಂದಿನ ಗಾಜಿನ್ಯಾಗ. ನಮ್ಮವ್ವ."

ಅದಕ್ಕಿಂತ ಹೆಚ್ಚು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. "ಸಾವಕಾಶ ಆತೋ ಇಲ್ಲೋ? ಹಂಗಾರ ಅನ್ಬಹುದು. ಬರೀರಿ," ಎಂದರು.

ಮೆಟ್ರಿಕ್ ಪರೀಕ್ಷೆಗೆ ವಿಜಾಪುರಕ್ಕೆ ಹೋದೆವು. ಇಂಗ್ಲಿಷ್ ಪೇಪರಿನಲ್ಲಿ ಪ್ರವಾಸದ ಬಗ್ಗೆ ಪ್ರಬಂಧ ಕೇಳಿದ್ದರು. ಬೇರೆ ಕ್ರಿಯಾಪದಗಳೆಲ್ಲ ನಮಗೆ ಒದೆಯುವ ಎತ್ತುಗಳು, ಹತ್ತಿರ ಹೋಗಲು ಹೆದರಿಕೆ. ಇದೊಂದು ಮಾತ್ರ ಕೊರಳು ತುರಿಸಿದರೂ ಸುಮ್ಮನಿರುವ ಎತ್ತು. ಹನ್ನೊಂದು ಜನರೂ ಅದನ್ನೇ ಹೂಡಿದೆವು. ಹನ್ನೊಂದು ಪೇಪರಿನಲ್ಲೂ ಬಿಸಿಲು ಬೆಳೆಯಿತು, ಡ್ರೈವರನ ಸಿಟ್ಟು ಬೆಳೆಯಿತು, ರಸ್ತೆ ಕೆಡುತ್ತ ಬೆಳೆಯಿತು, ಕೂತವರ ದಣಿವು ಬೆಳೆಯಿತು, ಕಡೆಗೆ ಕತ್ತಲೆಯೂ ಬೆಳೆಯಿತು. ಹೊರಗೆ ಬಂದು ಒಬ್ಬರಿಗೊಬ್ಬರು ಹೇಳಿಕೊಂಡು ಖುಷಿಪಟ್ಟೆವು. ಅದರಲ್ಲಿ ಏನಾದರೂ ತಪ್ಪಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಫಲಿತಾಂಶ ಬಂದ ದಿನ ಪಾಸಾದವರ ಪಟ್ಟಿಯಲ್ಲಿ ನಮ್ಮ ಸಾಲೆಯ ಹನ್ನೊಂದೂ ನಂಬರು ಇರಲಿಲ್ಲ. ಪೇಪರು ನೋಡಿದವರು ಸಾಮೂಹಿಕ ನಕಲು ಎಂದು ಬರೆದಿದ್ದರು. ತಿಕೋಟದಲ್ಲಿ ಹಾಹಾಕಾರವಾಯಿತು. ನನಗೆ ಮಾತ್ರ ಅದು ಬರೀ ಮಾನದ ಮಾತಾಗಿರಲಿಲ್ಲ. "ಪಾಸಾದ್ರ ಮಾಸ್ತರಕೀ ಟ್ರೇನಿಂಗಿಗೆ ಹೋಗು. ಇಲ್ಲಾಂದ್ರ ನಿಮ್ಮ ಸೋದರಮಾವನ ಮಗ ಅದಾನ," ಎಂದು ಅಪ್ಪ ಮೊದಲೇ ಹೇಳಿದ್ದ. ಟ್ರೇನಿಂಗಿನ ಅರ್ಜಿಗೆ ಒಂದೇ ತಿಂಗಳು ಉಳಿದಿತ್ತು. ಸೋದರಮಾವನ ಮಗ ಒಳ್ಳೆಯವನೇ. ಆದರೆ ನನಗೆ ಬೇಕಾದದ್ದು ಸಾಲೆ.

ಮಾಸ್ತರು ಅಳಲಿಲ್ಲ, ಅಂಜಲಿಲ್ಲ. ಮೂರು ದಿನ ಒಂದೇ ಸವನೆ ವಿಜಾಪುರದ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ಕುಳಿತರು. ನಾಲ್ಕನೆಯ ದಿನ ಅಲ್ಲಿನ ಸಾಹೇಬರು ಬೇಸತ್ತು, "ಕರಕೊಂಡು ಬರ್ರಿ ನಿಮ್ಮ ಹುಡುಗೂರನ್ನ," ಎಂದರು. ನಾವು ಹನ್ನೊಂದು ಜನ, ನನ್ನ ಜೊತೆಗೆ ಅಪ್ಪ, ಎಲ್ಲರೂ ಬೆಳಗಿನ ಬಸ್ಸಿಗೆ ಹೊರಟೆವು. ದಾರಿಯಲ್ಲಿ ಮಾಸ್ತರು ಹೇಳಿದ್ದು ಒಂದೇ ಮಾತು: "ನಕಲ ಮಾಡಿಲ್ಲ ಅಂದ ಮ್ಯಾಲ ತಲಿ ತಗ್ಗಸೂದು ಬ್ಯಾಡ."

ಸಾಹೇಬರು ಕೆಟ್ಟವರಾಗಿರಲಿಲ್ಲ. ಅವರ ಮೇಜಿನ ಮೇಲೆ ಹನ್ನೊಂದು ಪೇಪರು, ತುಂಬ ಕೆಂಪು ಗೆರೆ. "ನೋಡ್ರಿ ಮಾಸ್ತರ, ನೀವ ಹೇಳ್ರಿ, ಹನ್ನೊಂದು ಮಂದಿಗೆ ಒಂದ ಶಬ್ದ ಹೆಂಗ ಹೊಳೀತೈತಿ?"

"ಅವರಿಗೆ ಗೊತ್ತಿರೂದ ಅದೊಂದ್ರಿ," ಎಂದರು ಮಾಸ್ತರು. "ಆದ್ರ ಅದನ್ನ ಪೂರಾ ಬಲ್ಲರು. ಇಲ್ಲೇ ಕೇಳ್ರಿ. ನೀವು ತೋರಿಸಿದ್ದರ ಮ್ಯಾಲ ವಾಕ್ಯ ಮಾಡ್ತಾರ."

ಸಾಹೇಬರು ಕೇಳಿದರು. ಕಿಟಕಿಯ ಹೊರಗೆ ನಿಂತಿದ್ದ ಟಾಂಗಾ ತೋರಿಸಿದರೆ ಒಬ್ಬ ಕುದುರೆಗೆ ಬೇಸರ ಬೆಳೆಸಿದ. ಇನ್ನೊಬ್ಬ ಗೋಡೆಯ ಬಿರುಕು ಬೆಳೆಸಿದ. ಕುಂಬಾರರ ಹುಡುಗ ಸಾಹೇಬರ ಬೋಳುತಲೆಯನ್ನೇ ನೋಡಿ ಬಾಯಿ ತೆರೆದವನು ಮಾಸ್ತರ ಕಣ್ಣು ಕಂಡು ಅದನ್ನು ಬಿಟ್ಟು, ಫೈಲುಗಳು ಬೆಳೆಯುತ್ತಿವೆ ಎಂದ. ಸಾಹೇಬರು ನಕ್ಕರು. ಹತ್ತು ಜನರದೂ ಮುಗಿಯಿತು. ಅವರು ನನ್ನ ಪೇಪರು ಎತ್ತಿಕೊಂಡರು.

"ಇದ್ರಾಗ ತಾಯಿ ಸಣ್ಣಾಕಿ ಆಗ್ತಾಳಂತ ಬರದಿ. ಇದು ಹುಡುಗೂರು ಬರೆಯೂ ಮಾತಲ್ಲ. ಎಲ್ಲಿಂದ ತಂದಿ ಇದನ್ನ?"

ನನಗೆ ಉತ್ತರ ಗೊತ್ತಿತ್ತು. ಎರಡು ಭಾಷೆಯಲ್ಲೂ ಗೊತ್ತಿತ್ತು. ಆದರೆ ಬಾಗಿಲಲ್ಲಿ ಅಪ್ಪ ರುಮಾಲು ಕಂಕುಳಲ್ಲಿ ಹಿಡಿದು ನಿಂತಿದ್ದ. ಆ ವಾಕ್ಯದ ಹಿಂದಿನ ಮಾತು ನಮ್ಮ ಮನೆಯದು, ಅಪ್ಪನ ಮೇಲಿನ ದೂರು ಅದರಲ್ಲಿತ್ತು. ಕುರ್ಚಿಯ ಮೇಲೆ ಕುಳಿತ ಗಂಡಸಿನ ಮುಂದೆ ಹೆಣ್ಣುಮಗಳು ಬಾಯಿ ತೆರೆಯುವುದೇ ನಮ್ಮಲ್ಲಿ ಹೆಚ್ಚು, ಇನ್ನು ತಂದೆಯನ್ನು ನಿಲ್ಲಿಸಿಕೊಂಡು ಮನೆಯ ಮಾತು ಹೊರಗೆ ಹಾಕುವುದು ಹೇಗೆ? ನಾನು ನೆಲ ನೋಡಿದೆ.

"ಹೇಳ್ರಿ ತಂಗಿ," ಎಂದರು ಮಾಸ್ತರು. ಸ್ವಲ್ಪ ತಡೆದು ಇನ್ನೊಮ್ಮೆ ಹೇಳಿದರು. ಮೂರನೆಯ ಸಲ ಅವರ ದನಿ ಬೇಡುವವರ ಹಾಗಿತ್ತು. ನಾನು ತುಟಿ ಎರಡು ಮಾಡಲಿಲ್ಲ.

ಸಾಹೇಬರು ಪೇಪರು ಕೆಳಗಿಟ್ಟರು. "ಹತ್ತು ಮಂದೀದು ಬಿಡ್ತೇನಿ. ಈಕೀದು ಆಗೂದಿಲ್ಲ. ತಾ ಬರದದ್ದು ತನಗ ಹೇಳಾಕ ಬರದಿದ್ರ ಅದು ನಕಲ."

"ನಕಲ ಅಲ್ರಿ," ಎಂದರು ಮಾಸ್ತರು.

"ಮತ್ತೇನು? ನೀವು ಬಾಯಿಪಾಠ ಮಾಡಿಸಿದ್ದೇನು? ಬಾಯಿಪಾಠ ಗುನ್ನೆ ಅಲ್ಲ. ಹಂಗಂತ ಬರದು ಕೊಟ್ರ ಈಕೀನೂ ಬಿಡ್ತೇನಿ. ಆದ್ರ ಒಬ್ಬಾಕಿ ಹೆಸರೀಲೇ ಬರ್ಯಾಕ ಬರೂದಿಲ್ಲ. ಇಡೀ ವರ್ಗಕ್ಕ ಪ್ರಬಂಧ ಗಟ್ಟಿ ಮಾಡಿಸೇನಿ ಅಂತ ಬರೀಬೇಕು. ಆಮ್ಯಾಲ ನಿಮ್ಮ ಮ್ಯಾಲ ಏನು ಕ್ರಮ ಆಗ್ತೈತೋ ನನ್ನ ಕೈಯಾಗಿಲ್ಲ."

ಆಗ ಅವರು ಸುಮ್ಮನಾದರು. ನಾನು ಮೊದಲೇ ಹೇಳಿದೆನಲ್ಲ, ಒಂದೇ ಸಲ ಎಂದು, ಅದು ಇದೇ. ಬಾಯಿಪಾಠದ ಹೆಸರು ಕೇಳಿದರೆ ಮರ ಸುತ್ತುತ್ತಿದ್ದ ಮನುಷ್ಯ ಅಲ್ಲಿ ಸುತ್ತಲು ಮರವಿಲ್ಲದೆ ನಿಂತಿದ್ದರು. ಆಮೇಲೆ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡರು. ನಿಂತೇ ಬರೆದರು. "ಹನ್ನೊಂದು ವಿದ್ಯಾರ್ಥಿಗಳಿಗೂ ನಾನೇ ಪ್ರಬಂಧ ಬರೆದುಕೊಟ್ಟು ಅರ್ಥ ತಿಳಿಸದೆ ಬಾಯಿಪಾಠ ಮಾಡಿಸಿದ್ದೇನೆ." ಸಹಿ ಮಾಡಿ ಕಾಗದವನ್ನು ಮುಂದೆ ತಳ್ಳಿ, "ಟ್ರೇನಿಂಗಿನ ಅರ್ಜಿಗೆ ಟೈಮ್ ಕಡಿಮಿ ಐತ್ರಿ. ಈ ವಾರದಾಗ ರಿಸಲ್ಟ್ ಬರಬೇಕು," ಎಂದರು. ಅಪರಾಧ ಒಪ್ಪಿಕೊಂಡವರ ದನಿ ಅದಾಗಿರಲಿಲ್ಲ. ಸಾಹೇಬರೇ ತಲೆ ಆಡಿಸಿದರು.

ತಿರುಗಿ ಬರುವ ಬಸ್ಸಿನಲ್ಲಿ ಒಬ್ಬ ಹುಡುಗ ನನಗೆ ಕೇಳುವ ಹಾಗೆ ಅಂದ: "ಈಕಿ ಸಲುವಾಗಿ ನಾವೆಲ್ಲಾ ಗಿಣಿ ಆದ್ವಿ." ಮಾಸ್ತರು ಮುಂದಿನ ಸೀಟಿನಿಂದ ತಿರುಗಿದರು. "ತಪ್ಪು ನಂದು. ಇನ್ನೊಂದು ಕ್ರಿಯಾಪದ ಕಲಿಸಿದ್ರ ಈ ಗದ್ಲ ಆಗ್ತಿರಲಿಲ್ಲ." "ಯಾವುದ್ರಿ?" ಎಂದ ಹುಡುಗ. "ಇವತ್ತ ಬ್ಯಾಡ," ಎಂದು ಮುಖ ತಿರುಗಿಸಿದರು. ಅದು ಯಾವುದೆಂದು ನನಗೆ ತಿಳಿದದ್ದು ಟ್ರೇನಿಂಗ್ ಕಾಲೇಜಿನಲ್ಲಿ. ಬಿಕಮ್! ಸಿಟ್ಟಿಗೂ ಕತ್ತಲೆಗೂ ಮುಪ್ಪಿಗೂ ಅದೂ ನಡೆಯುತ್ತದಂತೆ. ಮೂರು ವರ್ಷ ಇಂಗ್ಲಿಷ್ ಕಲಿತ ನನಗೆ ಅಂಥದ್ದೊಂದು ಶಬ್ದ ಇದೆಯೆಂದೇ ಗೊತ್ತಿರಲಿಲ್ಲ.

ಆ ವಾರವೇ ಫಲಿತಾಂಶ ಬಂತು. ಹನ್ನೊಂದೂ ಪಾಸು. ಅದರ ಬೆನ್ನಿಗೇ ಮಾಸ್ತರರ ಆದೇಶವೂ ಬಂತು. ಬಬಲೇಶ್ವರದ ಸಣ್ಣ ಸಾಲೆಗೆ ವರ್ಗಾವಣೆ, ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಪಾಠ, ಇಂಗ್ಲಿಷ್ ಕಲಿಸುವಂತಿಲ್ಲ. ಅವರು ಹಾಸಿಗೆ ಸುತ್ತಿಕೊಂಡು ಹೋದ ದಿನ ನಾನು ಮನೆಯಿಂದ ಹೊರಗೆ ಬರಲಿಲ್ಲ. ಮುಖ ತೋರಿಸುವುದು ಹೇಗೆ?

ಎಂಟು ದಿನ ಹಾಗೇ ಕಳೆದೆ. ಒಂಬತ್ತನೆಯ ದಿನ ಅಪ್ಪನಿಗೆ ಹೇಳಿದೆ, "ನಾ ಬಬಲೇಶ್ವರಕ್ಕ ಹೋಗ್ಬೇಕು. ಹೋಗಿ ಬರೂತನಕ ಟ್ರೇನಿಂಗಿಗೆ ಅರ್ಜಿ ಹಾಕೂದಿಲ್ಲ." ಅಪ್ಪನಿಗೆ ನಾನು ಹಾಗೆ ಹೇಳಿದ್ದು ಮೊದಲನೆಯ ಸಲ. ಅವನು ಒಂದು ದಿನದ ಕೂಲಿ ಬಿಟ್ಟು ನನ್ನ ಜೊತೆ ಹೊರಟ. ವಿಜಾಪುರದಲ್ಲಿ ಬಸ್ಸು ಬದಲಿಸಿ ಬಬಲೇಶ್ವರ ಮುಟ್ಟಿದಾಗ ಮಧ್ಯಾಹ್ನದ ಸಾಲೆ ನಡೆದಿತ್ತು.

ಮಾಸ್ತರು ನೆಲದ ಮೇಲೆ ಸಾಲಾಗಿ ಕುಳಿತ ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತಿದ್ದರು. ಅವೇ ಜೇಬುಗಳು, ಅದೇ ಭರ. ಹೊಸ ಕೆಲಸ ಕೆಳಗಿನದೆಂದು ಅವರ ಮೈಗೆ ಗೊತ್ತಾಗಿದ್ದ ಹಾಗಿರಲಿಲ್ಲ. ನನ್ನನ್ನು ಕಂಡು, "ಬರ್ರಿ ತಂಗಿ, ಅರ್ಜಿ ಹಾಕಿದ್ರೇನು?" ಎಂದರು.

ನನಗೆ ಅಳು ಒತ್ತಿ ಬಂತು. "ನನ್ನಿಂದ ಹಿಂಗಾತ್ರಿ. ನಾ ಬಾಯಿ ತೆಗಿಲಿಲ್ಲ. ನೀವು ಸುಳ್ಳ ಬರೀಬೇಕಾತು."

"ಬರದೇನಿ," ಎಂದರು. "ಖರೇನ ಸುಳ್ಳು. ಬರದದ್ದು ಬರದಾತು, ಅದರ ಚಿಂತಿ ನನಗಿಲ್ಲ. ಆದ್ರ ಅದು ಸುಳ್ಳಂತ ತೋರಸೂದು ನನ್ನ ಕೈಯಾಗಿಲ್ರಿ. ಅದು ನಿಮ್ಮ ಕೆಲಸ. ಇವತ್ತ ಸುರು ಮಾಡ್ರಿ."

ಹಾಗೆಂದವರೇ ಮೂಲೆಯಲ್ಲಿದ್ದ ಕುರ್ಚಿಯನ್ನು ನಡುವೆ ಎಳೆದು, ಸಾಹೇಬರ ಹಾಗೆ ಬಿಗಿದುಕೊಂಡು ಕುಳಿತರು. ಮಕ್ಕಳು ಬರೆಯುವುದು ಬಿಟ್ಟು ನೋಡತೊಡಗಿದರು. ಬಾಗಿಲಲ್ಲಿ ಅಪ್ಪ, ಅವತ್ತಿನ ಹಾಗೆಯೇ, ರುಮಾಲು ಕಂಕುಳಲ್ಲಿ. "ತಾಯಿ ಸಣ್ಣಾಕಿ ಆಗ್ತಾಳಂತ ಬರದೀರಿ. ಎಲ್ಲಿಂದ ತಂದ್ರಿ?"

ನಾನು ಅಪ್ಪನನ್ನು ನೋಡಿದೆ. ಆಮೇಲೆ ನೋಡುವುದನ್ನು ಬಿಟ್ಟು ಹೇಳಿದೆ.

"ನಾ ಒಂಬತ್ತು ವರ್ಷದಾಕಿ ಇದ್ದಾಗ ನಮ್ಮಪ್ಪ ನನ್ನ ಗೋಳಗುಮ್ಮಟದ ಹತ್ತಿರ ಅತ್ತಿ ಮನಿಗೆ ಕಳಿಸಿದ್ರಿ, ಕೂಸು ಹಿಡಿಯಾಕ. ಅವ್ವಗ ಮನಸಿರಲಿಲ್ಲ. ಅಪ್ಪ ಕೇಳಲಿಲ್ಲ. ಅವ್ವ ಅಥಣಿ ರಸ್ತೇಕ ಬಂದು ಬಸ್ಸಿಗೆ ಹತ್ತಿಸಿದ್ಲು. ನಾ ಹಿಂದಿನ ಗಾಜಿನ್ಯಾಗ ನೋಡಾಕತ್ತಿದ್ದೆ. ಅವ್ವ ಕೈ ಎತ್ತಿ ನಿಂತಿದ್ಲು. ಮೊದಲ ನನ್ನಷ್ಟು ಆದ್ಲು. ಆಮ್ಯಾಲ ನನ್ನ ತಮ್ಮನಷ್ಟು ಆದ್ಲು. ಆಮ್ಯಾಲ ಕೈ ಯಾವುದು ಅವ್ವ ಯಾವುದು ತಿಳೀಲಿಲ್ರಿ. ನಮ್ಮ ಮನ್ಯಾಗ ಎಲ್ಲಾರಕಿಂತ ದೊಡ್ಡಾಕಿ ಅವ್ವ ಅಂತ ನಾ ಅಲ್ಲೀತನಕ ತಿಳಕೊಂಡಿದ್ದೆ. ಮೈ ಮದರ್ ಗ್ರ್ಯೂ ಸ್ಮಾಲ್. ಇದು ನನ್ನ ವಾಕ್ಯರಿ ಸಾಹೇಬರ. ಯಾರೂ ಬಾಯಿಪಾಠ ಮಾಡಿಸಿಲ್ಲ."

ಮಾಸ್ತರು ಕುರ್ಚಿಯಿಂದ ಎದ್ದರು. ತಮ್ಮ ಕೋಟಿನ ತುದಿಯಿಂದ ಅದರ ಧೂಳು ಒರೆಸಿ ನನ್ನ ಕಡೆ ತಿರುಗಿಸಿದರು.

"ಕೂಡ್ರಿ ಬಾಯಾರ," ಎಂದರು.

ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಗಳನ್ನು ಹಾಗೆ ಕರೆಯುತ್ತಾರೆ. ನಾನಿನ್ನೂ ಅರ್ಜಿಯನ್ನೇ ಹಾಕಿರಲಿಲ್ಲ. ಅಪ್ಪ ನಿಂತಿದ್ದಾನೆ, ಮಾಸ್ತರು ನಿಂತಿದ್ದಾರೆ, ನಾನು ಹೇಗೆ ಕೂಡಲಿ? ಬಾಗಿಲ ಕಡೆ ನೋಡಿದೆ. ಅಪ್ಪನ ಕಣ್ಣು ತುಂಬಿದ್ದವು. ಅವನು ಹುಟ್ಟಿದಾಗಿನಿಂದ ನನಗೆ ಎಂದೂ ಹಚ್ಚದಿದ್ದ "ರಿ" ಹಚ್ಚಿ ಹೇಳಿದ:

"ಮಾಸ್ತರು ಹೇಳ್ಯಾರ. ಕೂಡ್ರಿ."

ನಾನು ಕುಳಿತೆ.